ವೈನಿಯ ಪುದೀನಾ, ಅಣ್ಣಾರ ಜಳಕ

ಗದಗ-ಬೆಟಗೇರಿಯಲ್ಲಿ ಪುದೀನಾ ಬೆಳೆಯಬೇಕೆಂದರೆ ಮೊದಲು ಬೇಕಾದದ್ದು ನಳಕ್ಕೆ ನೀರು ಎಂದು ಬರುತ್ತದೆ ಎನ್ನುವ ಖಾತ್ರಿ ಸುದ್ದಿ. ಅದೊಂದು ಬಿಟ್ಟು ಉಳಿದ ಸುದ್ದಿಯೆಲ್ಲ ನಮ್ಮ ಓಣಿಯಲ್ಲಿ ಸಿಗುತ್ತದೆ. ಮುಂಡರಗಿ ಸೀಮೆಯ ಹಮ್ಮಿಗಿಯಿಂದ ತುಂಗಭದ್ರೆ ಹೊರಟು ಇಲ್ಲಿಗೆ ಮುಟ್ಟುವಷ್ಟರಲ್ಲಿ ಕೊಡಗಳ ಪಾಳಿಗಾಗಿ ಒಂದು ಜಗಳ ಮುಗಿದು ರಾಜಿಯೂ ಆಗಿರುತ್ತದೆ. ಇಂಥ ಊರಲ್ಲಿ ಸದಾ ತೇವ ಬೇಡುವ ಗಿಡ!

ಆದರೂ ಮಗ್ಗಲ ಮನೆ ವೈನಿಯ ಹಿತ್ತಲಲ್ಲಿ ಅದು ಕಡು ಬ್ಯಾಸಿಗೆಯಲ್ಲೂ ಘಮಘಮ.

"ಏನ್ ಹಾಕ್ತೀರಿ ವೈನಿ, ಇದಕ್ಕ?"

"ಅಕ್ಕಿ ತೊಳದ ನೀರು, ಕಾಯಿಪಲ್ಲೆ ತೊಳದ ನೀರು. ಮತ್ತ ನಿಮ್ಮ ಅಣ್ಣಾರ ಜಳಕದ ನೀರು. ಸಬಕಾರ ಹಚ್ಚಿದ್ರ ಗಿಡ ಸುಡತೈತಿ ಅಂತ ಅವ್ರಿಗೆ ಕಡ್ಲಿಹಿಟ್ಟು ಕೊಟ್ಟೀನಿ."

ಬಜಿಗೆ ಹೋಗಬೇಕಾದ ಕಡ್ಲಿಹಿಟ್ಟು ಅಣ್ಣಾರ ಬೆನ್ನಿಗೆ ಹೋಗುತ್ತಿದೆ. ಬೆಟಗೇರಿಯ ಬಜಿಯಂಗಡಿಯವರಿಗೆ ಇದು ತಿಳಿಯದಿರಲಿ.

ಗಿಡವನ್ನು ಆಕೆ ಹಚ್ಚಿದ್ದು ಸಂತೆಯ ಸಿವುಡಿನಿಂದಲೇ. ಬಲಿತ ದಂಟು ಆರಿಸಿ, ಕೆಳಗಿನ ಎಲೆ ಕಿತ್ತು, ಗ್ಲಾಸಿನ ನೀರಿನಲ್ಲಿಟ್ಟಳು. ಗೆಣ್ಣಿನಿಂದ ಬಿಳಿ ಬೇರು ಇಣುಕಿದ ಮೇಲೆ ತಳ ತೂತಾದ ಬಕೀಟಿಗೆ ಸಾಗಿಸಿದಳು. ನಮ್ಮ ಎರಿಮಣ್ಣು ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಅದಕ್ಕೇ ತಿಪ್ಪೆಗೊಬ್ಬರ, ಉಸುಕು ಕೂಡಿಸಿದ್ದಾಳೆ. ಜಾಗ ಗೋಡೆಯ ಮೂಡಣಕ್ಕೆ: ಮುಂಜಾನೆ ಬಿಸಿಲು, ಮಧ್ಯಾಹ್ನ ನೆರಳು. ಬಕೀಟು ಬಿಟ್ಟು ನೆಲಕ್ಕೆ ಹಚ್ಚಿದ್ದರೆ, ಹಬ್ಬಕ್ಕೆಂದು ಬಂದು ಶ್ರಾವಣ ಮುಗಿದರೂ ಹೋಗದ ಬೀಗರಂತೆ ಹಿತ್ತಲೆಲ್ಲ ಅದರದೇ ಕಾರುಬಾರು. ಮೊಗ್ಗು ಕಂಡರೆ ಚಿವುಟಿಬಿಡುತ್ತಾಳೆ. ಹೂವಿಗೆ ಬಿಟ್ಟರೆ ಎಲೆ ಸೊರಗುತ್ತದೆ.

ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ ಎಲ್ಲ ಪುದೀನಾದ ಭಾವಬಂಧುಗಳೇ. ದಂಟು ಬೆರಳಲ್ಲಿ ಹೊರಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತವೆ. ತುಳಸಿ ಈ ನೆಲದ ಮಗಳು. ಒಂದು ತಂಬಿಗೆ ನೀರಿನಲ್ಲಿ ದಿನ ಕಳೆದು ಕಟ್ಟೆಯ ಮೇಲೆ ಪೂಜೆ ಮಾಡಿಸಿಕೊಳ್ಳುತ್ತಾಳೆ. ಪುದೀನಾಕ್ಕೆ ಉಪವಾಸ ಗೊತ್ತಿಲ್ಲ.

"ಕಪ್ಪತಗುಡ್ಡದಾಗ ಸಾವಿರ ಗಿಡಮೂಲಿಕೆ ಅದಾವ, ಒಂದು ವಾಸನಿ ಗಿಡ ಕಿತ್ತು ತಂದ್ರಾತು" ಎಂದರು ಪುದೀನಾದ ಈ ನೀರಡಿಕೆ ಕಂಡ ಲಕ್ಷ್ಮೇಶ್ವರದ ಮಾವ. ಶಿರಹಟ್ಟಿ, ಮುಂಡರಗಿಗಳವರೆಗೆ ಚಾಚಿದ ಆ ಗುಡ್ಡ 2019ರಿಂದ ವನ್ಯಜೀವಿಧಾಮ. ಮಾವ ಬೇಕಾದರೆ ಹೋಗಿ ಕಿತ್ತು ತರಲಿ, ಜಾಮೀನಿಗೆ ನಾನು ಬರುವುದಿಲ್ಲ.

ನಿನ್ನೆ ಚಟ್ನಿಗೆಂದು ವೈನಿಯ ಹತ್ತಿರ ಒಂದು ಹಿಡಿ ಪುದೀನಾ ಕೇಳಿದೆ. ಆಕೆ ಎಲೆ ಚಿವುಟುತ್ತಲೇ ರೇಟು ಹೇಳಿದಳು:

"ನಳ ಬಂದ ದಿನ ನಿಮ್ಮ ಪಾಳ್ಯಾಗ ನನ್ನವು ಎರಡು ಕೊಡ."