ಹೊಯ್ಸಳರ ಟೋಪಿ: ಒಂದು ಹೆಣಿಗೆ ಮೀಮಾಂಸೆ

ಹೊಯ್ಸಳರ ಬಗ್ಗೆ ಇದುವರೆಗೆ ಬರೆದವರೆಲ್ಲ ಹಗಲು ಹನ್ನೊಂದರ ಮೇಲೆ ಬೇಲೂರಿಗೆ ಹೋದವರು. ಈ ಕ್ಷೇತ್ರದ ಎಲ್ಲ ದೋಷಗಳಿಗೂ ಅದೇ ಮೂಲ. ಅಷ್ಟು ಹೊತ್ತಿಗೆ ಬಳಪದ ಕಲ್ಲು ಬಿಸಿಲುಂಡು ಬೆಚ್ಚಗಾಗಿರುತ್ತದೆ, ಗೈಡು ಮಫ್ಲರ್ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಿರುತ್ತಾನೆ, ವಿದ್ವಾಂಸರು ಬೆವರೊರೆಸಿಕೊಂಡು ಮದನಿಕೆಯರ ಸೊಂಟದ ಬಾಗನ್ನು ವರ್ಣಿಸುತ್ತಾರೆ. ಪ್ರಸ್ತುತ ಲೇಖಕ ಅರಸೀಕೆರೆಯವನು. ಧನುರ್ಮಾಸದ ಬೆಳಗಿನ ಐದೂವರೆಗೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಬೀಡಿ ಇಲ್ಲದೆಯೇ ಬಾಯಿಂದ ಹೊಗೆ ಬಿಟ್ಟವನು. ಆ ಹೊತ್ತಿನಲ್ಲಿ ಹಾಸನ ಜಿಲ್ಲೆಗೆ ಮುಖವೇ ಇರುವುದಿಲ್ಲ. ಮಂಕಿ ಟೋಪಿಯ ಕಿಂಡಿಯಲ್ಲಿ ಒಂದು ಮೂಗು, ಮಫ್ಲರಿನ ಸುತ್ತಿನ ಮೇಲೆ ಎರಡು ಕಣ್ಣು, ಅಷ್ಟೆ. ಹಾಗೆ ನಿಂತಿದ್ದಾಗಲೇ ಈ ಪ್ರಬಂಧದ ಮೂಲ ಪ್ರಶ್ನೆ ಹೊಳೆಯಿತು: ಇಂಥ ಚಳಿಯಲ್ಲಿ ಶತಮಾನಗಟ್ಟಲೆ ರಾಜ್ಯವಾಳಿದ ಜನ ಬರಿಮೈ ಮೇಲೆ ಬರೀ ಒಡವೆ ಹಾಕಿಕೊಂಡು ಬದುಕಿದ್ದರೇ?

ಸಾಧ್ಯವಿಲ್ಲ. ಬೇಲೂರು ಸಮುದ್ರಮಟ್ಟಕ್ಕಿಂತ ಸುಮಾರು 975 ಮೀಟರ್ ಎತ್ತರದಲ್ಲಿದೆ. ಈ ಸೀಮೆಯಲ್ಲಿ ಜನವರಿಯ ಬೆಳಗು 14 ಡಿಗ್ರಿಯ ಆಸುಪಾಸು ಇರುತ್ತದೆ. ನಾರ್ವೆಯವನು ಕೇಳಿದರೆ ನಕ್ಕಾನು, ನಗಲಿ. ಅವನ ಮನೆಯೊಳಗೆ ಬೆಂಕಿ ಇದೆ, ನಮ್ಮ ಮನೆಯೊಳಗೆ ಕೆಂಪು ಗಾರೆ ನೆಲ ಇದೆ. ಆದ್ದರಿಂದ ನನ್ನ ಸಿದ್ಧಾಂತ ಇಷ್ಟು: ಹೊಯ್ಸಳರದು ಮೂಲತಃ ಉಲ್ಲನ್ ಸಂಸ್ಕೃತಿ. ಕಲ್ಲಿನ ಗುಡಿಗಳು ಹೆಣಿಗೆಯ ಮಾದರಿ ಪುಸ್ತಕಗಳು. ಮೂಲ ಕೃತಿಗಳನ್ನು ನುಸಿ ತಿಂದಿತು, ಪುಸ್ತಕ ಉಳಿಯಿತು. ಆ ಕಾಲದ ಒಂದಾದರೂ ಟೋಪಿ ಸಿಕ್ಕಿದೆಯೇ ಎಂದು ಕೇಳುವವರಿಗೆ ಉತ್ತರ ಸಿದ್ಧವಿದೆ. ಸಿಕ್ಕಿಲ್ಲದಿರುವುದೇ ಸಾಕ್ಷಿ. ಇಲ್ಲದ ಟೋಪಿಯನ್ನು ನುಸಿ ಹೇಗೆ ತಿಂದೀತು?

ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ನಮ್ಮ ಮನೆಯಲ್ಲಿ ಐದನೆಯದೊಂದಿದೆ, ದೊಡ್ಡಮ್ಮ. ಅದನ್ನು ಕೊನೆಗಿಟ್ಟುಕೊಂಡಿದ್ದೇನೆ. ಮೊದಲೇ ತಂದರೆ ಪ್ರಬಂಧ ಇಲ್ಲಿಗೇ ಮುಗಿಯುವ ಅಪಾಯವಿದೆ.

ಶಬ್ದದಿಂದ ಶುರುಮಾಡೋಣ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅದು ಊರಿನ ದೊಡ್ಡ ಕೆರೆಯಿಂದ ಬಂದ ಹೆಸರೆಂದು ಪಂಡಿತರು ಕೈತೊಳೆದುಕೊಂಡಿದ್ದಾರೆ. ಅವರ ಮನೆಗಳಲ್ಲಿ ಅನಂತನ ವ್ರತ ನಡೆಯುವುದಿಲ್ಲವೆಂದು ಕಾಣುತ್ತದೆ. ನಡೆಯುತ್ತಿದ್ದರೆ, ಅನಂತ ಚತುರ್ದಶಿಯಂದು ಕೈಗೆ ಕಟ್ಟಿಕೊಳ್ಳುವ ಹದಿನಾಲ್ಕು ಗಂಟಿನ ದಾರಕ್ಕೆ ದೋರ ಎನ್ನುತ್ತಾರೆಂದು ಗೊತ್ತಿರುತ್ತಿತ್ತು. ದೋರ ಎಂದರೆ ದಾರ, ದೋರಸಮುದ್ರ ಎಂದರೆ ದಾರದ ಸಮುದ್ರ. ಹದಿನಾಲ್ಕು ಗಂಟು, ಹದಿನಾಲ್ಕು ಡಿಗ್ರಿ ಚಳಿ! ಇದನ್ನೂ ಕಾಕತಾಳೀಯ ಎನ್ನುವವರ ಜೊತೆ ನನಗೆ ವಾದವಿಲ್ಲ.

ಇನ್ನು ಬೇಲೂರು. ಶಾಸನಗಳ ವೇಲಾಪುರಿ. ಅಲ್ಲಿನ ಬಸ್ ನಿಲ್ದಾಣದಲ್ಲಿ ನಿಂತಿರುವ ಯಾವುದೇ ಕಾಲೇಜು ಹುಡುಗಿಯನ್ನು, ಚೂಡಿದಾರದ ಮೇಲೆ ಹೊದ್ದುಕೊಂಡಿರುವುದಕ್ಕೆ ಏನಮ್ಮ ಹೆಸರು ಎಂದು ಕೇಳಿ. ವೇಲ್ ಎನ್ನುತ್ತಾಳೆ. ಅದು ಇಂಗ್ಲಿಷಿನಿಂದ ಬಂದ ಮಾತೆಂದು ಆಕ್ಷೇಪಿಸುವವರು, ಇಂಗ್ಲಿಷರು ಅದನ್ನು ಬೇಲೂರಿನಿಂದ ಒಯ್ದಿರಲಿಲ್ಲವೆಂದು ಮೊದಲು ಸಾಬೀತು ಮಾಡಲಿ.

ಅರಸೀಕೆರೆಯದು ಎಲ್ಲಕ್ಕಿಂತ ಮಾರ್ಮಿಕ. ಅರಸಿ ಕಟ್ಟಿಸಿದ ಕೆರೆ ಎಂಬ ಅರ್ಥ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಕೆರೆ ಎಂಬುದು ಕನ್ನಡದಲ್ಲಿ ಕ್ರಿಯಾಪದವೂ ಹೌದು. ‘ಅರಸಿ, ಕೆರೆ!’ ಹೀಗೆ ಬಿಡಿಸಿ ಓದಿದಾಗ ಒಂದು ಇಡೀ ಮುಂಜಾವು ಕಣ್ಣಮುಂದೆ ಬರುತ್ತದೆ. ಹಾಸನ ತಳಿಯ ಕುರಿ ಇಂದಿಗೂ ಇದೆ. ಅದರ ತುಪ್ಪಟ ಒರಟು, ಕೂದಲಿನಂಥದು, ಕಂಬಳಿಗೆ ಸೈ, ಕತ್ತಿಗೆ ಅಲ್ಲ. ಅದರ ದಪ್ಪ ನೂಲಿನಿಂದ ದೋರಸಮುದ್ರದಲ್ಲಿ ಮಫ್ಲರ್ ಹೆಣೆದರು, ವೇಲಾಪುರಿಯಲ್ಲಿ ಅದು ಫ್ಯಾಷನ್ ಆಯಿತು, ಅರಸಿ ಅದನ್ನು ಸುತ್ತಿಕೊಂಡು ಪ್ರಯಾಣ ಹೊರಟಳು. ಈ ಊರಿನ ಹತ್ತಿರ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. ಮುಂದಿನದನ್ನು ಸಖಿಯರು ಹೇಳಿದರು, ಊರಿಗೆ ಅದೇ ಹೆಸರಾಯಿತು.

ಹೊಯ್ಸಳ ಎಂಬ ಹೆಸರಿನ ಕಥೆಯನ್ನೂ ಇದೇ ಬೆಳಕಿನಲ್ಲಿ ತಿದ್ದಬೇಕಾಗಿದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಹುಲಿ ಮೇಲೆ ಬಿದ್ದಾಗ ಸುದತ್ತ ಮುನಿ ‘ಹೊಯ್ ಸಳ’ ಎಂದು ಕೂಗಿದರಂತೆ. ಮಲೆನಾಡಿನ ಅಂಚಿನ ಮನೆಗಳಲ್ಲಿ ಬೆಳಗ್ಗೆ ಗಂಡುಹುಡುಗರನ್ನು ಹಾಗೆ ಕೂಗುವುದು ಮುನಿಗಳಲ್ಲ, ತಾಯಂದಿರು. ‘ಹೊಯ್ ಸಳ, ಟೋಪಿ ಹಾಕ್ಕೊಂಡು ಹೋಗೋ!’ ಎಂಬುದು ಪೂರ್ಣಪಾಠ. ಉತ್ತರಾರ್ಧ ಲಿಪಿಕಾರರ ಕೈಯಲ್ಲಿ ಕಳೆದುಹೋಗಿದೆ. ಲಾಂಛನದಲ್ಲಿ ಸಳನ ಎದುರಿಗೆ ನಿಂತ ಪ್ರಾಣಿಯ ಕತ್ತನ್ನು ನೋಡಿ. ಸಾಲುಸಾಲು ಸುರುಳಿ. ಅದು ಕೇಸರವೋ, ಸೀದಾ-ಉಲ್ಟಾ ಹಾಕಿದ ಮಫ್ಲರೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಉಪಮಾನಕ್ಕೆ ಕ್ರಿಮಿಯಾಕ್ಕೆ ಹೋಗಬೇಕು. 1854ರ ಅಕ್ಟೋಬರ್ 25ರಂದು ಬಾಲಾಕ್ಲಾವಾದಲ್ಲಿ ಬ್ರಿಟಿಷರಿಗೂ ರಷ್ಯನ್ನರಿಗೂ ಯುದ್ಧವಾಯಿತು. ಚಳಿಗೆ ನಡುಗುತ್ತಿದ್ದ ಸೈನಿಕರಿಗೆ ಊರಿನ ಹೆಂಗಸರು ಹೆಣೆದು ಕಳಿಸಿದ ಮುಖಮುಚ್ಚುವ ಟೋಪಿಗೆ ಮುಂದೆ ಬಾಲಾಕ್ಲಾವಾ ಎಂದೇ ಹೆಸರಾಯಿತು. ನಮ್ಮ ಮಂಕಿ ಟೋಪಿಯೇ ಅದು. ಅಲ್ಲಿ ಕುದುರೆ ದಳ ನುಗ್ಗಿಸಿದವನು ಲಾರ್ಡ್ ಕಾರ್ಡಿಗನ್, ಅವನ ಹೆಸರಿನಲ್ಲಿ ಮುಂದೆ ಗುಂಡಿಯಿರುವ ಸ್ವೆಟರ್ ಬಂತು. ಸೇನಾಪತಿ ಲಾರ್ಡ್ ರಾಗ್ಲನ್, ಅವನ ಹೆಸರಿನಲ್ಲಿ ಸ್ವೆಟರಿನ ಒಂದು ಬಗೆಯ ತೋಳು ಬಂತು. ಒಂದೇ ಯುದ್ಧದಿಂದ ಟೋಪಿ, ಸ್ವೆಟರ್, ತೋಳು ಮೂರೂ ಹುಟ್ಟಬಹುದಾದರೆ, ಚೋಳರಿಂದ ತಲಕಾಡು ಗೆದ್ದ ವಿಷ್ಣುವರ್ಧನನಿಂದ ಒಂದಾದರೂ ಹುಟ್ಟಬಾರದೇ? ಹುಟ್ಟಿದೆ. ಅವನ ಬಿರುದು ತಲಕಾಡುಗೊಂಡ. ಗೊಂಡೆ ಎಂದರೇನೆಂದು ಕುಲಾವಿ ಹೊಲಿದವರಿಗೆ ಹೇಳಬೇಕಾಗಿಲ್ಲ. ತಲೆಯ ಮೇಲೆ ಗೊಂಡೆ ಇದ್ದ ರಾಜ ಎಂಬಲ್ಲಿಗೆ ವಿಷಯ ಇತ್ಯರ್ಥವಾಯಿತು.

ಪ್ರತ್ಯಕ್ಷ ಪ್ರಮಾಣಕ್ಕೆ ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮುಂದೆ ನಿಲ್ಲಬೇಕು. 1121ರ ಸುಮಾರಿಗೆ ಶುರುವಾದ ಗುಡಿ. ಕೆಳಗಿನಿಂದ ಮೇಲಕ್ಕೆ ಎಣಿಸಿ: ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣಕಥೆ, ಮಕರ, ಹಂಸ. ಬಾರ್ಡರ್ ಹಾಕಿ ಸ್ವೆಟರ್ ಹೆಣೆದ ಯಾರನ್ನಾದರೂ ಇಲ್ಲಿಗೆ ಕರೆತನ್ನಿ, ಎಷ್ಟು ಕುಣಿಕೆಗೊಂದು ಆನೆ ಎಂದು ಲೆಕ್ಕ ಹಾಕಲು ಶುರುಮಾಡುತ್ತಾರೆ. ಅರಸೀಕೆರೆಯಲ್ಲಿ 1220ರ ಹೊತ್ತಿಗೆ ಕಟ್ಟಿದ ಶಿವಾಲಯದ ನಕ್ಷತ್ರಾಕಾರದ ಮಂಟಪವನ್ನು ಮೇಲಿನಿಂದ ಊಹಿಸಿಕೊಂಡರೆ ಅದು ಟಿ.ವಿ. ಮೇಲೆ ಹಾಸುತ್ತಿದ್ದ ಕ್ರೋಶಾ ಬಟ್ಟೆಯೇ. ಬೇಲೂರಿನ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತೆಂದು ಗೈಡುಗಳು ಹೇಳುತ್ತಾರೆ, ಯಾಕೆ ತಿರುಗುತ್ತಿತ್ತೆಂದು ಹೇಳುವುದಿಲ್ಲ. ಉಲ್ಲನ್ ಲಡಿಯನ್ನು ಉಂಡೆ ಮಾಡುವಾಗ ಮನೆಯ ಚಿಕ್ಕ ಹುಡುಗನನ್ನು ಕೂರಿಸಿ, ಎರಡೂ ಕೈ ಚಾಚಿಸಿ, ಲಡಿಯನ್ನು ಅದಕ್ಕೆ ತೊಡಿಸುತ್ತಾರಲ್ಲ, ಆ ಹುಡುಗ ನಾನಾಗಿದ್ದೆ. ತೋಳು ಬಿದ್ದುಹೋಗುತ್ತದೆ. ಹೊಯ್ಸಳರು ಮಕ್ಕಳನ್ನು ಪ್ರೀತಿಸುತ್ತಿದ್ದರು, ಕಂಬ ನಿಲ್ಲಿಸಿದರು.

ಅದೇ ಬೇಲೂರಿನಲ್ಲಿ, 42 ಮದನಿಕೆಯರ ನಡುವೆ, ಕೋತಿಯೊಂದು ಸೀರೆ ಎಳೆಯುತ್ತಿರುವ ಚೆಲುವೆ ಇದ್ದಾಳೆ. ರಸಿಕರು ಶೃಂಗಾರ ಎಂದರು. ನಾನು ಎರಡು ಚಳಿಗಾಲ ಅವಳ ಕೆಳಗೆ ನಿಂತು ಕತ್ತು ನೋಯಿಸಿಕೊಂಡು ಹೇಳುತ್ತಿದ್ದೇನೆ: ಆ ಕೋತಿ ತನ್ನ ಟೋಪಿ ಕೇಳುತ್ತಿದೆ. ನಕ್ಕುಬಿಡುವ ಮೊದಲು ಒಂದು ಮಾತು. 1989ರಲ್ಲಿ ಕಾರ್ಲ್ ಯೋಹಾನೆಸೆನ್ ಮತ್ತು ಆನ್ ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು, ಸೋಮನಾಥಪುರವೇ ಮೊದಲಾದ ಹೊಯ್ಸಳ ಗುಡಿಗಳ ಶಿಲ್ಪಗಳು ಕೈಯಲ್ಲಿ ಹಿಡಿದಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸ್ಸಿಗಿಂತ ಮೊದಲೇ ಜೋಳ ಸಮುದ್ರ ದಾಟಿ ಬಂದಿತ್ತು ಎಂದು ನಿಜವಾದ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಬರೆದರು. ಅದು ಜೋಳವಲ್ಲವೆಂದು ಭಾರತದ ವಿಜ್ಞಾನಿಗಳು 1993ರಲ್ಲಿ ಉತ್ತರ ಕೊಟ್ಟರು. ಜೋಳಕ್ಕೆ ಅಷ್ಟು ದೂರ ಹೋಗುವ ಹಕ್ಕಿದ್ದರೆ ಉಲ್ಲನ್ ಉಂಡೆಗೆ ಯಾಕಿಲ್ಲ?

ಅನುಮಾನ ಪ್ರಮಾಣವನ್ನು ಬೇಗ ಮುಗಿಸುತ್ತೇನೆ. ಕಡ್ಡಿಯಿಂದ ಹೆಣೆದ ಬಟ್ಟೆಯಲ್ಲಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ತುಣುಕುಗಳು ಈಜಿಪ್ಟಿನಲ್ಲಿ ಸಿಕ್ಕ ಹತ್ತಿಯ ಕಾಲುಚೀಲಗಳು, ಹೆಚ್ಚುಕಡಿಮೆ 11ರಿಂದ 14ನೇ ಶತಮಾನದವು. ಹೊಯ್ಸಳರೂ ಅದೇ ಶತಮಾನಗಳವರು. ಹತ್ತಿ ಯಾರದು? ನಮ್ಮದು. ಶತಮಾನ ಯಾರದು? ನಮ್ಮದು. ಕಾಲು ಮಾತ್ರ ಈಜಿಪ್ಟಿನವರದು. ಇನ್ನು 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದದ್ದು ಆನೆ, ಕುದುರೆ, ಚಿನ್ನಕ್ಕೆ ಎಂದು ಬರೆಯುತ್ತಾರೆ. ದಿಲ್ಲಿಯ ಚಳಿಗಾಲ ಕಳೆದವರು ಯಾರೂ ಈ ಮಾತು ನಂಬುವುದಿಲ್ಲ.

ಇಷ್ಟು ಸಿದ್ಧಪಡಿಸಿಕೊಂಡು ದೊಡ್ಡಮ್ಮನ ಮುಂದೆ ಕುಳಿತೆ. ಆಕೆ ಹತ್ತನೇ ನಂಬರಿನ ಕಡ್ಡಿಯಲ್ಲಿ ಯಾರದೋ ಮಗುವಿಗೆ ಕುಲಾವಿ ಹೆಣೆಯುತ್ತಿದ್ದರು. ಕಡ್ಡಿಯ ನಂಬರಿನ ವಿಚಾರದಲ್ಲಿ ಒಂದು ವಿಚಿತ್ರವಿದೆ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಹತ್ತು ಎಂದರೆ 3.25 ಮಿಲಿಮೀಟರ್, ಎಂಟು ಎಂದರೆ 4, ಸೊನ್ನೆ ಎಂದರೆ 8, ಮೂರು ಸೊನ್ನೆ ಎಂದರೆ 10. ಸೊನ್ನೆಗಳು ಕೂಡಿದಷ್ಟೂ ದಪ್ಪವಾಗುವ ಈ ಲಕ್ಷಣವನ್ನು ವಿದ್ವತ್ ಪ್ರಬಂಧಗಳಲ್ಲಿ ಮಾತ್ರ ಕಂಡಿದ್ದೆ.

ಸಿದ್ಧಾಂತವನ್ನು ಪರೀಕ್ಷಿಸಲು ಅಮೆರಿಕದ ಮೊಮ್ಮಗಳು ತಂದುಕೊಟ್ಟಿದ್ದ ದಪ್ಪ ಉಲ್ಲನ್ ಇತ್ತು. ಹೆಬ್ಬೆರಳ ಗಾತ್ರ, ಗುಲಾಬಿ ಬಣ್ಣ. ದೊಡ್ಡಮ್ಮ ಹಿಡಿದು ನೋಡಿ, ‘ಇದೇನೋ, ಹೋರಿ ಮೂಗುದಾರಾನಾ?’ ಎಂದರು. ಅದಕ್ಕೆ ತಕ್ಕ ಕಡ್ಡಿ ಮನೆಯಲ್ಲಿರಲಿಲ್ಲ. ಒಂದು ಜೊತೆ ಕೋಲಾಟದ ಕೋಲಿನ ತುದಿ ಹೆರೆದು ಕೊಟ್ಟೆ. ಹನ್ನೆರಡು ಕುಣಿಕೆ ಹಾಕಿಕೊಂಡು, ಊಟವಾದ ಮೇಲೆ ಕುಳಿತವರು ಕಾಫಿ ಹೊತ್ತಿಗೆ ಮಫ್ಲರ್ ಮುಗಿಸಿದರು. ದಪ್ಪ ನೂಲಿನ ಗುಟ್ಟೇ ಅದು: ಸಡಿಲ ಹುರಿ, ದೊಡ್ಡ ಕುಣಿಕೆ, ಎಳೆಯೊಳಗೆ ಅಲ್ಲಾಡದೆ ನಿಂತ ಗಾಳಿ. ಬೆಚ್ಚಗಿಡುವುದು ಆ ಗಾಳಿ. ಮರುದಿನ ಐದೂವರೆಗೆ ಸುತ್ತಿಕೊಂಡು ಸ್ಟೇಷನ್ನಿಗೆ ಹೋದೆ, ಸ್ವರ್ಗ. ಒಂಬತ್ತು ಗಂಟೆಗೆ ಬಿಸಿಲೇರಿದಾಗ ಕತ್ತಿನಲ್ಲಿ ಮೇಕೆಮರಿ ಹೊತ್ತಂತಾಯಿತು. ನಮ್ಮ ಸೀಮೆಯಲ್ಲಿ ಇಂಥ ಮಫ್ಲರಿನ ಆಯುಸ್ಸು ದಿನಕ್ಕೆ ಮೂರೂವರೆ ಗಂಟೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ಅದೂ ಇಲ್ಲ.

ಸ್ಥಳೀಯ ಪದಾರ್ಥದಲ್ಲೂ ಆಗಲೆಂದು ತೆಂಗಿನ ನಾರಿನ ಹುರಿ ತಂದೆ. ಅರಸೀಕೆರೆಯಲ್ಲಿ ಕೊಬ್ಬರಿಗೂ ನಾರಿಗೂ ಬರವಿಲ್ಲ. ಆ ಪ್ರಯೋಗದ ವಿವರ ಬೇಡ. ಊರಿನ ಹೆಸರಿನ ವ್ಯುತ್ಪತ್ತಿ ಮಾತ್ರ ನನ್ನ ಚರ್ಮದ ಮೇಲೆ ದೃಢಪಟ್ಟಿತು.

ದೊಡ್ಡಮ್ಮ ನಗಲಿಲ್ಲ. ‘ನಮ್ಮಜ್ಜ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಗೋರು’ ಎಂದರು. ಕುರುಬರು ಗುಳಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿ ಹಚ್ಚಿ ಬಿರುಸು ಮಾಡಿದ ಕಂಬಳಿ. ಮಳೆಗೂ ಅದೇ, ಚಳಿಗೂ ಅದೇ, ಮಲಗಲೂ ಅದೇ. ಒಂದು ಕಡೆಯ ಎರಡು ಮೂಲೆ ಸೇರಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ. ಅದು ಹೆಣಿಗೆಯಲ್ಲ, ನೇಯ್ಗೆ. ನೇಯ್ಗೆಯಲ್ಲಿ ಹಾಸು ಹೊಕ್ಕು ಒಂದನ್ನೊಂದು ಹಿಡಿದಿರುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ದಾರ, ಒಂದು ತುದಿ ಸಿಕ್ಕಿ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಆಕೆ ನನ್ನ ಪ್ರಬಂಧದ ತುದಿ ಹಿಡಿದು ಎಳೆದರು. ‘ಬೇಲೂರಲ್ಲಿ ಅಷ್ಟು ಹೆಂಗಸರಿದ್ದಾರಲ್ಲ, ಒಬ್ಬಳ ಕೈಲಿ ಕನ್ನಡಿ, ಒಬ್ಬಳ ಕೈಲಿ ಗಿಣಿ, ಒಬ್ಬಳ ಕೈಲಿ ವಾದ್ಯ. ಯಾರ ಕೈಲಾದ್ರೂ ಎರಡು ಕಡ್ಡಿ ಕಂಡ್ಯಾ?’

ಅವರೆಲ್ಲ ಬಿಡುವಿನಲ್ಲಿದ್ದಾಗಿನ ಶಿಲ್ಪಗಳು ದೊಡ್ಡಮ್ಮ, ಎಂದೆ.

‘ಹೆಂಗಸರು ಬಿಡುವಲ್ಲೇ ಕಣೋ ಹೆಣೆಯೋದು.’

ಇದಕ್ಕೆ ನ್ಯಾಯಶಾಸ್ತ್ರದಲ್ಲಿ ಉತ್ತರ ಸಿಗಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಒಂಬೈನೂರು ವರ್ಷವಾದರೂ ಓದಬಹುದು. ದೊಡ್ಡಮ್ಮ ಹೆಣೆದ ಸ್ವೆಟರುಗಳನ್ನು ನಾನು ಎಣಿಸಲು ಹೋಗಿ ನಲವತ್ತಕ್ಕೆ ನಿಲ್ಲಿಸಿದೆ. ಒಂದರ ಮೇಲೂ ಹೆಸರಿಲ್ಲ. ಈಗ ನವೆಂಬರ್ ಬಂದರೆ ಪೇಟೆಗಳ ಫುಟ್‌ಪಾತಿನಲ್ಲಿ ಟಿಬೆಟನ್ನರು ಲುಧಿಯಾನದ ಸ್ವೆಟರ್ ರಾಶಿ ಹಾಕಿ ಕೂರುತ್ತಾರೆ. ನಮ್ಮ ಮನೆಯವರೂ ಅಲ್ಲೇ ಕೊಳ್ಳುತ್ತಾರೆ, ನಾನೂ ಕೊಂಡಿದ್ದೇನೆ.

ಒಂದು ಸಂಶೋಧನೆ ಮಾತ್ರ ಉಳಿದುಕೊಂಡಿತು, ಅದನ್ನು ದೊಡ್ಡಮ್ಮನೂ ಒಪ್ಪಿದ್ದಾರೆ. ಹೊಯ್ಸಳೇಶ್ವರಕ್ಕೆ ಶಿಖರವಿಲ್ಲ. ದಶಕಗಟ್ಟಲೆ ಕೆತ್ತಿದರೂ ಕೆಲಸ ಪೂರ್ತಿ ಮುಗಿಯಲಿಲ್ಲ. ಕಾರಣಗಳನ್ನು ಇತಿಹಾಸಕಾರರು ಏನೇ ಹೇಳಲಿ, ದೊಡ್ಡಮ್ಮನಿಗೆ ಗೊತ್ತಿರುವುದು ಒಂದೇ ಕಾರಣ: ಅದೇ ಲಾಟಿನ ಮಾಲು ಮುಗಿದಿರಬೇಕು. ಉಲ್ಲನ್ ಕೊಳ್ಳುವಾಗ ಎರಡು ಔನ್ಸ್ ಹೆಚ್ಚಿಗೆ ಕೊಳ್ಳದಿದ್ದರೆ ಆಗುವುದೇ ಇದು. ಮತ್ತೆ ಹೋದರೆ ಅಂಗಡಿಯವನು ಅದೇ ಬಣ್ಣ ಎಂದು ಬೇರೆ ಲಾಟ್ ಕೊಡುತ್ತಾನೆ, ಹೆಣೆದ ಮೇಲೆ ಬಿಸಿಲಿಗೆ ಹಿಡಿದರೆ ಗೆರೆ ಕಾಣುತ್ತದೆ.

ನನಗೆಂದು ಆಕೆ 1986ರಲ್ಲಿ ಶುರುಮಾಡಿದ ಸ್ವೆಟರ್ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇಂದಿಗೂ ಇದೆ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಆ ಕಾಲದ ಬದನೆಕಾಯಿ ಬಣ್ಣದ, ನಾಲ್ಕೆಳೆಯ ಉಲ್ಲನ್ ಎರಡು ಔನ್ಸ್ ಉಳಿದಿದ್ದರೆ ದಯವಿಟ್ಟು ತಿಳಿಸಿ. ಬೆನ್ನು, ಎದೆ, ಎರಡು ತೋಳು ಆಗಿವೆ. ಕತ್ತೊಂದು ಬಾಕಿ.