ಅಂಗಡಿಶೋಧಕ ಆ್ಯಪ್: ಮೈಸೂರನ್ನು ಅನುಲಕ್ಷಿಸಿ ಒಂದು ತಾತ್ತ್ವಿಕ ವಿವೇಚನೆ

ನೂರು ವರ್ಷದಿಂದ ಒಂದೇ ಕಡೆ ಇರುವ ಅಂಗಡಿಯನ್ನು, ಅದರ ಮುಂದೆ ದಿನಾ ಓಡಾಡುವ ಮನುಷ್ಯನಿಗೆ, ಉಪಗ್ರಹಗಳ ನೆರವಿನಿಂದ ತೋರಿಸಿಕೊಡುವ ಮೊಬೈಲ್ ತಂತ್ರಾಂಶಕ್ಕೆ ಅಂಗಡಿಶೋಧಕ ಆ್ಯಪ್ ಎಂದು ಹೆಸರು. ಬಲ್ಲವರು ಇದನ್ನು ‘ಅತಿಸ್ಥಳೀಯ ಸೂಕ್ಷ್ಮೋದ್ಯಮ ಗೋಚರೀಕರಣ ವೇದಿಕೆ’ ಎನ್ನುತ್ತಾರೆ. ಇದು ಹುಟ್ಟುವ ಮೊದಲು ಮೈಸೂರಿನಲ್ಲಿ ಈ ಕೆಲಸವನ್ನು ‘ಯಾರನ್ನಾದರೂ ಕೇಳಿ’ ಎಂಬ ಪದ್ಧತಿ ನಡೆಸಿಕೊಂಡು ಬರುತ್ತಿತ್ತು. ಆ ಪದ್ಧತಿಯಲ್ಲಿ ಲಾಗಿನ್ ಇರಲಿಲ್ಲ, ಒಟಿಪಿ ಬರುತ್ತಿರಲಿಲ್ಲ, ಕೇಳಿದವನ ಫೋನಿನಲ್ಲಿರುವ ನಂಬರುಗಳನ್ನೆಲ್ಲ ಹೇಳಿದವನು ನಕಲು ಮಾಡಿಕೊಳ್ಳುತ್ತಿರಲಿಲ್ಲ. ಹೀಗಾಗಿ ಅದು ಅವೈಜ್ಞಾನಿಕವೆಂದು ಸಿದ್ಧವಾಗಿದೆ.

ಆ್ಯಪ್ ರಚನೆಯ ಮೊದಲ ಘಟ್ಟ ಸಮಸ್ಯೆಯನ್ನು ಉತ್ಪಾದಿಸುವುದು. ಹವಾನಿಯಂತ್ರಿತ ಸಭಾಂಗಣದಲ್ಲಿ ಪವರ್‌ಪಾಯಿಂಟ್ ಪರದೆ ಬೆಳಗಿದೊಡನೆ ಸಂತೇಪೇಟೆಯ ದಿನಸಿ ಅಂಗಡಿ, ಅಶೋಕ ರಸ್ತೆಯ ಬೆಳ್ಳಿ ಅಂಗಡಿ, ಕುಂಬಾರಗೇರಿಯ ಮಣ್ಣಿನ ಗಣಪತಿ ಎಲ್ಲವೂ ‘ಅಗೋಚರ’ ಎಂದು ಘೋಷಿತವಾಗುತ್ತವೆ. ಅವು ‘ಇಕೋಸಿಸ್ಟಮ್’ನಿಂದ ಹೊರಗುಳಿದಿವೆ, ಅವುಗಳನ್ನು ‘ಎಂಪವರ್’ ಮಾಡಬೇಕಾಗಿದೆ. ಹೌದೆಂದು ತಲೆಯಾಡಿಸುವ ಸಭಿಕರ ಜೇಬಿನಲ್ಲಿ, ಸಂಜೆ ಅದೇ ಸಂತೇಪೇಟೆಯಿಂದ ತರಬೇಕಾದ ಸಾಮಾನಿನ ಚೀಟಿ ಇರುತ್ತದೆ. ಇದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ.

ಎರಡನೆಯದು ಸ್ಥಾನನಿರ್ಣಯ. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಸೂರಿನಡಿ, ಗೋಡೆಗಳ ನಡುವೆ ಇನ್ನೂ ಹೆಚ್ಚು. ದೇವರಾಜ ಮಾರುಕಟ್ಟೆಯಲ್ಲಿ ಒಂದೊಂದು ಮಳಿಗೆಯ ಅಗಲ ಅಷ್ಟಿಲ್ಲ. ಹಾಗಾಗಿ ಕುಂಕುಮ ಹುಡುಕಿ ಹೊರಟ ಬಳಕೆದಾರ ರಸಬಾಳೆಯ ಮುಂದೆ ನಿಂತು ‘ನೀವು ತಲುಪಿದ್ದೀರಿ’ ಎಂಬ ಹೆಣ್ಣುದನಿ ಕೇಳುತ್ತಾನೆ. ಇದು ದೋಷವಲ್ಲ, ‘ಆಕಸ್ಮಿಕ ಶೋಧನಾ ಸೌಲಭ್ಯ’. ಅವನ ತಬ್ಬಿಬ್ಬು ನೋಡಿ ಬಾಳೆಹಣ್ಣಿನವರು ‘ಕುಂಕುಮವಾ? ಆ ಸಾಲಿಗೆ ಹೋಗಿ ಸಾರ್’ ಎಂದು ಕೈ ತೋರಿಸುತ್ತಾರೆ. ಆ್ಯಪ್ ಈ ಕೈಯನ್ನು ತನ್ನ ಯಶಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನಜರ್‌ಬಾದಿನಲ್ಲಿ ಮೈಲಾರಿ ಹೆಸರಿನ ಹೋಟೆಲುಗಳು ಒಂದಕ್ಕಿಂತ ಹೆಚ್ಚಿದ್ದು, ಮೂಲ ಯಾವುದೆಂಬ ಪ್ರಶ್ನೆ ಜಿಪಿಎಸ್‌ನ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ದೋಸೆ ತಿಂದವರು ತಮ್ಮೊಳಗೇ ಜಗಳವಾಡಿ ತೀರ್ಮಾನಿಸಬೇಕು.

ಮೂರನೆಯದು ವರ್ಗೀಕರಣ. ಸಣ್ಣ ವ್ಯಾಪಾರಗಳು ಒಂಬತ್ತು ವಿಧ. ಒಂದು, ಸ್ಥಾವರ: ಗೋಡೆ, ಸೂರು, ಗಲ್ಲಾಪೆಟ್ಟಿಗೆ ಉಳ್ಳದ್ದು. ಎರಡು, ಜಂಗಮ: ತಳ್ಳುಗಾಡಿಯವರು, ಸೈಕಲ್ಲಿನ ಮೇಲೆ ಸಾಣೆ ಹಿಡಿಯುವವರು, ಬುಟ್ಟಿ ಹೊತ್ತು ಸೊಪ್ಪು ಮಾರುವವರು. ಇವರಿಗೆ ‘ವಿಳಾಸ’ ಎಂಬ ಕಲಂ ತುಂಬಲು ಬರುವುದಿಲ್ಲ. ಸೊಪ್ಪಿನಮ್ಮ ಏಳಕ್ಕೆ ಒಂದು ಬೀದಿಯಲ್ಲಿ, ಎಂಟಕ್ಕೆ ಇನ್ನೊಂದರಲ್ಲಿ. ಆದರೆ ಆಕೆಯ ಕೂಗು ಮೂರನೇ ಮಹಡಿಯ ಅಡುಗೆಮನೆಗೂ ಮುಟ್ಟುತ್ತದೆ. ಇದರ ಶಾಸ್ತ್ರೀಯ ನಾಮ ‘ಪುಶ್ ನೋಟಿಫಿಕೇಶನ್’. ಮೂರು, ಋತುಚರ: ಚೌತಿಯ ಗಣಪತಿ, ನವರಾತ್ರಿಯ ಬೊಂಬೆ, ಚಳಿಗಾಲದ ಅವರೆಕಾಯಿ. ನಾಲ್ಕು, ಸ್ಥಾವರವಾಗಿದ್ದೂ ಊಟದ ಹೊತ್ತಿಗೆ ಬಾಗಿಲೆಳೆದುಕೊಂಡು ಇಲ್ಲದಂತಾಗುವುದು. ಐದರಿಂದ ಒಂಬತ್ತರವರೆಗಿನವು ಸಂಖ್ಯೆ ತುಂಬಿಸಲೆಂದು ಇವೆ. ಇಂಥ ಪ್ರಬಂಧಗಳಲ್ಲಿ ಅದು ರೂಢಿ.

ಜಂಗಮರ ಪಟ್ಟಿ ಎಲ್ಲಿ ಸಿಗುತ್ತದೆಂದು ತಜ್ಞರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆಯಾಗಬೇಕು, ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು ಎಂದು ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಹೇಳಿಬಿಟ್ಟಿದೆ. ಅದನ್ನು ಜಾರಿ ಮಾಡಲು ಆ್ಯಪ್ ಬೇಕಿಲ್ಲವಾದ್ದರಿಂದ ಯಾರಿಗೂ ಅದರಲ್ಲಿ ಆಸಕ್ತಿಯಿಲ್ಲ.

ಭಾಷೆಯ ವಿಚಾರ ಸಣ್ಣದು. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ರಾಜ್ಯದ ಕಾನೂನಾಯಿತು. ಅದೇ ಅಂಗಡಿ ಫೋನಿನೊಳಕ್ಕೆ ಹೋದರೆ ಇಂಗ್ಲಿಷಾಗುತ್ತದೆ. ಕನ್ನಡ ‘ಮುಂದಿನ ಆವೃತ್ತಿ’ಯಲ್ಲಿ ಬರಲಿದೆ. ಮುಂದಿನ ಆವೃತ್ತಿಯೆಂಬುದು ಮೋಕ್ಷಕ್ಕೆ ಸಮೀಪದ ಸ್ಥಿತಿಯೆಂದೂ, ಅದನ್ನು ಕಂಡು ಮರಳಿದವರಿಲ್ಲವೆಂದೂ ತಿಳಿಯತಕ್ಕದ್ದು.

ತಾರಾಬಲದ ವಿಷಯಕ್ಕೆ ಬಂದರೆ, ಪ್ರತಿ ಅಂಗಡಿಗೂ ಐದರೊಳಗೆ ನಕ್ಷತ್ರಗಳಿರುತ್ತವೆ. ‘ಇವತ್ತಿನ ಮಲ್ಲಿಗೆ ಚೆನ್ನಾಗಿಲ್ಲ, ನಾಳೆ ಬನ್ನಿ’ ಎಂದು ನಿಜ ಹೇಳಿದ ಹೂವಿನವರಿಗೆ ಒಂದು ನಕ್ಷತ್ರ. ದುಡ್ಡು ಕೊಟ್ಟವರು ಪಟ್ಟಿಯಲ್ಲಿ ಮೇಲೇರುತ್ತಾರೆ. ಇದನ್ನು ‘ಪ್ರಾಯೋಜಿತ ಫಲಿತಾಂಶ’ ಎನ್ನುತ್ತಾರೆ. ಸಣ್ಣವರನ್ನು ತೋರಿಸಲು ಹುಟ್ಟಿದ ಯಂತ್ರ ಹೀಗೆ ದೊಡ್ಡವರನ್ನು ತೋರಿಸುವುದರಲ್ಲಿ ಕೊನೆಗೊಳ್ಳುತ್ತದೆ. ಈ ಬಗ್ಗೆ ಉಪವಿಭಾಗ ಮಾಡುವ ಅಗತ್ಯವಿಲ್ಲ.

ಇನ್ನು ಗೋಚರೀಕರಣದ ಫಲಶ್ರುತಿ. ಕರ್ನಾಟಕದ ಸಣ್ಣ ಅಂಗಡಿಗಳನ್ನು ಇದುವರೆಗೆ ಅತ್ಯಂತ ದಕ್ಷತೆಯಿಂದ ಶೋಧಿಸಿದ್ದು ಯಾವ ಸ್ಟಾರ್ಟಪ್ಪೂ ಅಲ್ಲ, ವಾಣಿಜ್ಯ ತೆರಿಗೆ ಇಲಾಖೆ. 2025ರ ಜುಲೈನಲ್ಲಿ ಅದು ಯುಪಿಐ ಲೆಕ್ಕ ಹಿಡಿದು ನೋಟಿಸು ಕಳಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಾರ್ಷಿಕ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟುವಂತೆ ನೋಟಿಸು ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಅಂಗಡಿಗಳ ಮುಂದಿನ ಕ್ಯೂಆರ್ ಹಾಳೆಗಳು ಕಿತ್ತುಹೋಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಬಂದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಕೊನೆಗೆ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಕಾಣಿಸಿಕೊಳ್ಳಿ ಎಂದು ವರ್ಷಗಟ್ಟಲೆ ಹುರಿದುಂಬಿಸಿದವರು ಆ ವಾರ ಯಾರೂ ಕಾಣಿಸಿಕೊಳ್ಳಲಿಲ್ಲ.

ಸ್ಥಾವರವೆಂದು ಮೊದಲ ವರ್ಗದಲ್ಲಿ ಇರಿಸಿದ ಅಂಗಡಿಗಳ ಗತಿಯನ್ನು ಇಲ್ಲಿ ಹೇಳಿ ಮುಗಿಸಬೇಕು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆ ಪುಸ್ತಕದ ಅಂಗಡಿಗಳು ಅಲ್ಲಿದ್ದವು; ಮೈಸೂರಿನಲ್ಲಿ ಓದಿದವರಿಗೆ ಅವನ್ನು ಯಾವ ನಕ್ಷೆಯೂ ತೋರಿಸಬೇಕಿರಲಿಲ್ಲ. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ದುರಸ್ತಿ ಮಾಡಬೇಕೋ ಕೆಡವಬೇಕೋ ಎಂಬ ಜಗ್ಗಾಟ ಸಮಿತಿಯಿಂದ ಸಮಿತಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು. 2023ರಲ್ಲಿ ಹೈಕೋರ್ಟ್ ಕೆಡವುವ ಪರವಾಗಿ ಹೇಳಿತು. ಮೈಸೂರು ಮಲ್ಲಿಗೆಗೆ, ಮೈಸೂರು ವೀಳ್ಯದೆಲೆಗೆ, ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕದ ಪ್ರಮಾಣಪತ್ರವಿದೆ. ಅವನ್ನು ಮಾರುವವರು ನಾಳೆ ಎಲ್ಲಿ ಕೂರಬೇಕೆಂಬುದಕ್ಕೆ ಪ್ರಮಾಣಪತ್ರವಿಲ್ಲ.

ಈ ಅಂಗಡಿಗಳು ಯಾವತ್ತೂ ಕಳೆದುಹೋಗಿರಲಿಲ್ಲ. ಗಿರಾಕಿಗೆ ದಾರಿ ತಪ್ಪಿದ್ದರಿಂದ ಒಂದೂ ಮುಚ್ಚಲಿಲ್ಲ. ಸೋರುವ ಸೂರಿಗೆ ಕಾಲಕ್ಕೆ ಸರಿಯಾಗಿ ಹಂಚು ಹೊದಿಸಲಿಲ್ಲ, ಬಿರುಕು ಬಿಟ್ಟ ಗೋಡೆಯನ್ನು ಯಾರೂ ಹತ್ತಿ ನೋಡಲಿಲ್ಲ, ಬಿದ್ದ ಮೇಲೆ ಹತ್ತು ವರ್ಷ ಬರೀ ಮಾತಾಡಿದರು. ಅದಕ್ಕೆ ಬಣ್ಣದ ಗುಂಡಿಗಳುಳ್ಳ ಪರದೆ ಪರಿಹಾರವೆಂದು ವ್ಯಾಪಾರಸ್ಥರ ಎದುರು ನಿಂತು ಹೇಳಲು ನಾಚಿಕೆಯಾಗಬೇಕು.

ಆ್ಯಪ್ ಮಾಡುವವರು ಮಾಡಲಿ. ಕನ್ನಡದಲ್ಲಿ ಮಾಡಲಿ, ಕಮಿಷನ್ ಕೇಳದಿರಲಿ, ಬೇಡವೆಂದವರ ಹೆಸರನ್ನು ಕೇಳಿದ ದಿನವೇ ತೆಗೆಯಲಿ. ಅದಕ್ಕೆ ಮುಂಚೆ, ಕಟ್ಟಡ ಕೆಡವುವ ಅಧಿಕಾರವುಳ್ಳವರು ಈಗಿರುವ ಪ್ರತಿ ಮಳಿಗೆದಾರರಿಗೂ ಅದೇ ಜಾಗದಲ್ಲಿ, ಅವರಿಂದ ಕಟ್ಟಲಾಗುವ ಬಾಡಿಗೆಗೆ, ಮಳಿಗೆ ಕೊಡುತ್ತೇವೆಂದು ಕಾಗದದ ಮೇಲೆ ರುಜು ಮಾಡಿ ಕೊಡಲಿ.