ನಾಲ್ಕು ತಾಲ್ಲೂಕಿನ ರ‍್ಯಾಮ್ ಪಂಡಿತ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಬಸ್ ನಿಲ್ದಾಣದ ಟೀ ಅಂಗಡಿ, ಕಟಿಂಗ್ ಶಾಪು, ಹಾಲಿನ ಡೇರಿಯ ಜಗಲಿ ಮುಂತಾದೆಡೆ ತಪ್ಪದೆ ಕಾಣಸಿಗುವ ರ‍್ಯಾಮ್ ಪಂಡಿತನಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲವಾದರೂ, ಊರಿನಲ್ಲಿ ಯಾರೇ ಹೊಸ ಮೊಬೈಲ್ ತೆಗೆದುಕೊಳ್ಳುವುದಿದ್ದರೂ ಅವನನ್ನು ಒಂದು ಮಾತು ಕೇಳದೆ ದುಡ್ಡು ಬಿಚ್ಚುವುದಿಲ್ಲ. ಅವನು ಮೊದಲು ಪರೀಕ್ಷಿಸುವುದು ಮೊಬೈಲನ್ನಲ್ಲ, ಅದರ ಡಬ್ಬಿಯನ್ನು. ಡಬ್ಬಿಯ ಬೆನ್ನಿಗೆ ಅಚ್ಚಾಗಿರುವ ಅಂಕಿಗಳನ್ನು ಜಾತಕ ಓದುವವರ ಗಾಂಭೀರ್ಯದಿಂದ ಓದಿ, ರ‍್ಯಾಮ್ ಎಷ್ಟು, ಅಂದರೆ ನಡೆಯುತ್ತಿರುವ ಕೆಲಸಗಳನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಸ್ಮೃತಿ ಎಷ್ಟು, ಪ್ರೊಸೆಸರಿಗೆ ಗಿಗಾಹರ್ಟ್ಸ್ ಎಷ್ಟು, ಅಂದರೆ ಸೆಕೆಂಡಿಗೆ ಎಷ್ಟು ನೂರು ಕೋಟಿ ಮಿಡಿತ ಎಂಬುದನ್ನು ನೋಡಿ, ಕೊನೆಗೆ ತಲೆಯಾಡಿಸುತ್ತಾನೆ ಇಲ್ಲವೇ ತುಟಿ ಸೊಟ್ಟ ಮಾಡುತ್ತಾನೆ. ಎರಡರ ನಡುವೆ ಮೂರನೆಯ ತೀರ್ಪು ಅವನ ಶಾಸ್ತ್ರದಲ್ಲಿಲ್ಲ.

ಈಚಿನ ವರ್ಷಗಳಲ್ಲಿ ಡಬ್ಬಿಗಳ ಮೇಲೆ ‘8+8’ ಎಂದು ಅಚ್ಚಾಗತೊಡಗಿದ ಮೇಲೆ ಪಂಡಿತನ ಗಣಿತಕ್ಕೆ ಹೊಸ ಹುರುಪು ಬಂದಿದೆ. ಇಲ್ಲಿ ಮೊದಲ ಎಂಟು ನಿಜವಾದ ರ‍್ಯಾಮ್ ಆಗಿದ್ದು, ಎರಡನೆಯದು ವರ್ಚುವಲ್ ರ‍್ಯಾಮ್, ಎಂದರೆ ಫೋಟೋ, ವಿಡಿಯೋ ತುಂಬಿಡುವ ಸ್ಟೋರೇಜಿನಿಂದಲೇ ಕತ್ತರಿಸಿಕೊಂಡ ಒಂದು ಪಾಲು. ಸ್ಟೋರೇಜಿನ ವೇಗ ರ‍್ಯಾಮಿನ ವೇಗಕ್ಕಿಂತ ಎಷ್ಟೋ ಪಟ್ಟು ಕಡಿಮೆಯಾದ್ದರಿಂದ ಈ ಎರಡು ಎಂಟುಗಳನ್ನು ಕೂಡಿಸಿದರೆ ಹದಿನಾರರ ಕಸುವು ಬರುವುದಿಲ್ಲ. ಆದರೆ ಕೂಡುವ ಲೆಕ್ಕದಲ್ಲಿ ಪಂಡಿತನನ್ನು ಸೋಲಿಸುವುದು ಕಷ್ಟ.

ವಿಚಿತ್ರವೆಂದರೆ, ಅದೇ ಟೀ ಅಂಗಡಿಯಲ್ಲಿ ಮಾತು ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಜಲಾಶಯದ, ಕಡೆಗೆ ಹೊರಳಿದರೆ ಇದೇ ಮನುಷ್ಯ ಬೇರೊಬ್ಬನೇ ಆಗಿಬಿಡುತ್ತಾನೆ. ಕಟ್ಟೆ 124.80 ಅಡಿ ತುಂಬಿದ ಮಾತ್ರಕ್ಕೆ ನಾಲೆಯ ಕೊನೆಯ ಗದ್ದೆಗೆ ನೀರು ಹತ್ತುವುದಿಲ್ಲವೆಂದೂ, ವಿಶ್ವೇಶ್ವರಯ್ಯ ನಾಲೆಯಲ್ಲಿ ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿ ನೆಟ್ಟಗಿದ್ದು, ನೀರು ಹಂಚುವ ಸೌಡಿ ಹೊತ್ತಿಗೆ ಸರಿಯಾಗಿ ತೂಬೆತ್ತಿದರೆ ಅರ್ಧ ಕಟ್ಟೆಯಲ್ಲೇ ಒಂದು ಬೆಳೆ ತೆಗೆಯಬಹುದೆಂದೂ ಅವನು ಎಂಜಿನಿಯರಿಗೂ ಪಾಠ ಹೇಳಬಲ್ಲ. ಮೊಬೈಲಿನೊಳಗೆ ಇದೇ ಸರದಿ ಹಂಚುವ ಕೆಲಸಕ್ಕೆ ಆಪ್ಟಿಮೈಸೇಷನ್ ಎನ್ನುತ್ತಾರೆ: ಇರುವ ಶಕ್ತಿಯನ್ನು ಯಾವ ಆ್ಯಪಿಗೆ, ಎಷ್ಟು ಹೊತ್ತು, ಯಾವುದನ್ನು ತಡೆದು ಕೊಡಬೇಕೆಂದು ಸಾಫ್ಟ್‌ವೇರ್ ನಡೆಸುವ ಏರ್ಪಾಡು. ನಾಲೆಯ ವಿಷಯದಲ್ಲಿ ಹುಟ್ಟಿನಿಂದಲೇ ಬಂದ ಈ ವಿವೇಕ, ಕೈಗೆ ಮೊಬೈಲ್ ಬಂದೊಡನೆ ಕಟ್ಟೆಯ ಮಟ್ಟ ಓದುವ ಹಂತಕ್ಕೇ ನಿಂತುಬಿಡುತ್ತದೆ.

ಊರೂರಿಗೆ ಪಂಡಿತನ ಕವಲುಗಳುಂಟು. ಪಾಂಡವಪುರದವನು ಬೆಂಚ್‌ಮಾರ್ಕ್ ಅಂಕಗಳನ್ನು, ಎಂದರೆ ಮೊಬೈಲಿಗೆ ಪರೀಕ್ಷೆ ಕೊಟ್ಟು ಅಂಕ ಹಾಕುವ ಆ್ಯಪುಗಳ ಫಲಿತಾಂಶವನ್ನು, ಬಾಯಿಪಾಠ ಮಾಡಿರುತ್ತಾನೆ. ಇಂಥ ಪರೀಕ್ಷೆ ನಡೆಯುವಾಗ ಪೂರ್ಣ ವೇಗದಲ್ಲಿ ಓಡಿ, ಉಳಿದ ಎಷ್ಟೋ ಆ್ಯಪುಗಳಿಗೆ ವೇಗ ತಗ್ಗಿಸುತ್ತಿದ್ದ ಕಾರಣಕ್ಕೆ 2022ರಲ್ಲಿ ಸ್ಯಾಮ್‌ಸಂಗ್‌ನ ಎಸ್22 ಸರಣಿಯನ್ನು ಗೀಕ್‌ಬೆಂಚ್ ಎಂಬ ಅಂಥದೊಂದು ಆ್ಯಪ್ ತನ್ನ ಪಟ್ಟಿಯಿಂದಲೇ ತೆಗೆದುಹಾಕಿತಾದರೂ, ಅಂಕಪಟ್ಟಿಯ ಮೇಲಿನ ಅವನ ಭಕ್ತಿ ಕದಲಲಿಲ್ಲ. ಶ್ರೀರಂಗಪಟ್ಟಣದವನದು ಕ್ಯಾಮೆರಾ ಶಾಖೆ. ರಂಗನತಿಟ್ಟಿನ ದೋಣಿಯಲ್ಲಿ 108 ಮೆಗಾಪಿಕ್ಸೆಲ್ ಮೊಬೈಲ್ ಹಿಡಿದು ದೂರದ ಬಂಡೆಯ ಮೇಲಿನ ಹೆಜ್ಜಾರ್ಲೆಯನ್ನು ಜೂಮ್ ಮಾಡಿ ತೆಗೆಯುವ ಚಿತ್ರದಲ್ಲಿ ಹಕ್ಕಿ ಯಾವುದು, ಹಕ್ಕಿಯ ಹಿಕ್ಕೆಯಿಂದ ಬೆಳ್ಳಗಾದ ಬಂಡೆ ಯಾವುದು ಎಂದು ಅವನೇ ಬೆರಳಿಟ್ಟು ತೋರಿಸಬೇಕಾಗುತ್ತದೆ. ಏಕೆಂದರೆ ಆ ಕ್ಯಾಮೆರಾ ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿ ಬೆಸೆದು ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ. ಗೂಗಲ್ ಕಂಪನಿ 2018ರ ಪಿಕ್ಸೆಲ್ 3ರಿಂದ 2020ರ ಪಿಕ್ಸೆಲ್ 5ರವರೆಗೆ ಮುಖ್ಯ ಕ್ಯಾಮೆರಾದಲ್ಲಿ ಸುಮಾರು 12 ಮೆಗಾಪಿಕ್ಸೆಲ್‌ನ ಒಂದೇ ಸೆನ್ಸರ್ ಇಟ್ಟುಕೊಂಡು, ಹಲವು ಚಿತ್ರಗಳನ್ನು ಸರಸರನೆ ತೆಗೆದು ಒಂದರ ಮೇಲೊಂದು ಕೂಡಿಸುವ ಸಾಫ್ಟ್‌ವೇರಿನ ಬಲದಿಂದಲೇ ಹೆಸರು ಮಾಡಿತೆಂಬುದು ಈ ಶಾಖೆಯಲ್ಲಿ ಚರ್ಚೆಗೆ ಬರುವುದಿಲ್ಲ.

ಕೆ.ಆರ್.ಪೇಟೆಯ ಪಂಡಿತನಿಗಾದರೋ ಐಫೋನೆಂದರೆ ತಲೆನೋವು. 2021ರ ಐಫೋನ್ 13ಕ್ಕೆ ಇರುವುದು 4 ಜಿಬಿ ರ‍್ಯಾಮ್. ಚಿಪ್ಪನ್ನೂ ಅದರ ಮೇಲೆ ನಡೆಯುವ ಐಒಎಸ್ ವ್ಯವಸ್ಥೆಯನ್ನೂ ಒಂದೇ ಕಂಪನಿ ಒಂದಕ್ಕೊಂದು ಹೊಂದುವಂತೆ ರೂಪಿಸುವುದರಿಂದಲೂ, ಹಿನ್ನೆಲೆಗೆ ಸರಿದ ಆ್ಯಪುಗಳನ್ನು ಬೇಗನೆ ಸ್ತಬ್ಧಗೊಳಿಸುವುದರಿಂದಲೂ ಅಷ್ಟರಲ್ಲೇ ಅದು ಸಲೀಸಾಗಿ ಓಡುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಭಾವಮೈದುನ ಅದನ್ನು ಮೇಜಿನ ಮೇಲಿಟ್ಟಾಗ ಪಂಡಿತ ಹೇಳುವುದು ಒಂದೇ ಮಾತು: “ಅದ್ರ ಲೆಕ್ವೇ ಬೇರೆ ಬುಡಿ ಭಾವ.” ನಾಗಮಂಗಲದವನು ಇವರೆಲ್ಲರಿಗಿಂತ ತುಸು ಸಮಚಿತ್ತದವನು. ದಿಶಾಂಕ್ ಆ್ಯಪ್ ತೆರೆದು ರಾಗಿ ಹೊಲದ ಸರ್ವೆ ನಂಬರ್ ನೋಡಲು ನಿಂತಾಗ ರ‍್ಯಾಮ್ ಎಷ್ಟಿದ್ದರೂ ಜಿಪಿಎಸ್ ಸಿಕ್ಕದೆ, ನೆಟ್‌ವರ್ಕ್ ಬಾರದೆ ಬದುವಿನ ಮೇಲೆ ಸುತ್ತುವ ಅನುಭವ ಅವನನ್ನು ಮೆತ್ತಗೆ ಮಾಡಿರುತ್ತದೆ.

ಪಂಡಿತನ ನಿಜವಾದ ಸಾಮರ್ಥ್ಯವನ್ನು ಕಾಣಬೇಕಾದರೆ ಅವನ ಚಿಕಿತ್ಸೆಯನ್ನು ಹತ್ತಿರದಿಂದ ನೋಡಬೇಕು. ಮೊಬೈಲ್ ‘ಹ್ಯಾಂಗ್’ ಆಗುತ್ತಿದೆಯೆಂದು ಹಿರಿಯರೊಬ್ಬರು ತಂದರೆ, ಅವನು ಮೊಟ್ಟಮೊದಲು ತೆರೆದಿರುವ ಆ್ಯಪುಗಳನ್ನೆಲ್ಲ ಹೆಬ್ಬೆರಳಿನಿಂದ ಒಂದೊಂದಾಗಿ ಮೇಲಕ್ಕೆ ಹಾರಿಸುತ್ತಾನೆ. ಇದು ತಪ್ಪು ಚಿಕಿತ್ಸೆ. ಮತ್ತೆ ಬೇಗ ತೆರೆಯಲೆಂದು ಆಂಡ್ರಾಯ್ಡ್ ಬೇಕೆಂದೇ ರ‍್ಯಾಮಿನಲ್ಲಿ ಉಳಿಸಿಕೊಂಡದ್ದನ್ನು ಹೊರಗಟ್ಟಿದರೆ, ಮುಂದಿನ ಸಲ ಬುಡದಿಂದ ತೆರೆಯಬೇಕಾಗಿ ಸಮಯವೂ ಬ್ಯಾಟರಿಯೂ ಹೆಚ್ಚೇ ಖರ್ಚಾಗುತ್ತವೆ. ಆಮೇಲೆ ಸೆಟ್ಟಿಂಗ್ಸ್ ಹೊಕ್ಕು, ಬಿಲ್ಡ್ ನಂಬರಿನ ಮೇಲೆ ಏಳು ಸಲ ಕುಟ್ಟಿ, ಡೆವಲಪರ್ ಆಪ್ಷನ್ಸ್ ಎಂಬ ಗುಪ್ತ ಕೋಣೆ ತೆರೆದು, ಅನಿಮೇಷನ್ ಸ್ಕೇಲ್‌ಗಳನ್ನು ಒಂದರಿಂದ ಅರ್ಧಕ್ಕೆ ಇಳಿಸುತ್ತಾನೆ. ಇದರಿಂದ ಪ್ರೊಸೆಸರಿನ ವೇಗ ಕೂದಲೆಳೆಯಷ್ಟೂ ಏರುವುದಿಲ್ಲ, ಪರದೆಗಳು ಜಾರಿ ಬರುವ ಆಟದ ಅವಧಿ ಮಾತ್ರ ಅರ್ಧವಾಗುತ್ತದೆ. ಆದರೂ ನೋಡಿದವರ ಕಣ್ಣು ಅರಳುತ್ತದೆ. ಕಡೆಯದಾಗಿ ವಾಟ್ಸಾಪಿನಲ್ಲಿ ವರ್ಷಗಟ್ಟಲೆ ಶೇಖರವಾದ ಶುಭೋದಯದ ಗುಲಾಬಿಗಳನ್ನೂ, ಒಂದೇ ವಿಡಿಯೋದ ಹತ್ತಾರು ಪ್ರತಿಗಳನ್ನೂ ನಿರ್ದಾಕ್ಷಿಣ್ಯವಾಗಿ ಅಳಿಸುತ್ತಾನೆ. ಸ್ಟೋರೇಜ್ ಕಂಠಮಟ್ಟ ತುಂಬಿದಾಗ ಹೊಸದನ್ನು ಬರೆಯುವ ಮುನ್ನ ಹಳೆಯ ಜಾಗವನ್ನು ಒರೆಸಿಕೊಳ್ಳುವ ಹೊರೆ ಬೀಳುವುದರಿಂದ ಮೊಬೈಲ್ ತೆವಳುವುದು ನಿಜ; ರೋಗ ವಾಸಿಯಾಗುವುದು ಈ ಮೂರನೆಯ ಮದ್ದಿನಿಂದಲೇ.

ಒಂದು ಸ್ಕ್ರೂ ಬಿಚ್ಚದೆ, ಒಂದು ಜಿಬಿ ಸೇರಿಸದೆ, ಇದ್ದದ್ದನ್ನೇ ಹದಕ್ಕೆ ತಂದು ಮೊಬೈಲ್ ಓಡಿಸಿದ ಪಂಡಿತನು ಟೀ ಲೋಟ ಕೆಳಗಿಟ್ಟು, ಮೊಬೈಲನ್ನು ಅಂಗಿಯ ತುದಿಯಿಂದ ಒರೆಸಿ ಹಿರಿಯರ ಕೈಗೆ ಕೊಡುತ್ತ, ಬೇರೆ ಯಾರೋ ಮಾಡಿದ ಕೆಲಸವೆಂಬಂತೆ ಹೇಳುತ್ತಾನೆ: “ಏನ್ ಮಾಡುದ್ರೂ ಅಷ್ಟೇಯ ಗೌಡ್ರೇ, ಈ ನಾಕು ಜಿಬಿ ಸಾಲಾಕಿಲ್ಲ. ಮುಂದ್ಲ ಸಲ ಹನ್ನೆರಡು ಜಿಬೀದು ತಕ್ಕಳಿ.”